ಸದ್ದಿಲ್ಲದ ಕಾರು, ಗೊತ್ತಾಗದ ಸ್ಪೀಡು

ಹುಬ್ಬಳ್ಳಿ-ಧಾರವಾಡ ಬೈಪಾಸ್ ಅಂದ ಕೂಡಲೇ ಎದೆ ಝಲ್ ಅನ್ನುತ್ತೆ. 2021ರ ಜನವರಿ 15ನ್ನು ಮರೆಯೋಕಾಗುತ್ತಾ ವೀಕ್ಷಕರೇ? ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್, ಇಟಿಗಟ್ಟಿ ಬಳಿ ಟಿಪ್ಪರ್‌ಗೆ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಜೀವ ಹೋದವು. ಎರಡೇ ಪಥದ ರಸ್ತೆಗೆ ಎಲ್ಲರೂ ಶಾಪ ಹಾಕಿದರು. ಸರಿಯೇ. 2022ರಲ್ಲಿ ಆರು ಪಥಕ್ಕೆ ಅಡಿಗಲ್ಲೂ ಬಿತ್ತು.

ಆದರೆ ನನ್ನ ಪ್ರಶ್ನೆ ಬೇರೆ. ಆ ಅಪಘಾತದ ಕಾರಣದ ಮಾತಲ್ಲ ಇದು. ರಸ್ತೆ ಅಗಲವಾಗುತ್ತೆ, ನುಣುಪಾಗುತ್ತೆ. ಅದರ ಮೇಲೆ ಓಡೋ ನಮ್ಮ ಕಾರು ನಮಗೆ ನಿಜ ಹೇಳುತ್ತಾ?

ಹಳೇ ಅಂಬಾಸಿಡರ್ ನೆನಪಿಸಿಕೊಳ್ಳಿ. ಎಂಬತ್ತು ದಾಟಿದರೆ ಬಾಗಿಲು ಗಡಗಡ, ಸ್ಟೇರಿಂಗ್ ನಡುಕ. ಗಾಡಿಯೇ "ಸಾಕೋ ಯಪ್ಪಾ, ಸಾವಕಾಶ ಹೋಗು" ಅಂತಿತ್ತು. ಈಗ ಶೋರೂಮಿಗೆ ಹೋದರೆ, "ಒಳಗ ಕುಂತ್ರ ಇಂಜಿನ್ ಚಾಲೂ ಐತೋ ಇಲ್ಲೋ ಗೊತ್ತಾಗಂಗಿಲ್ರಿ ಸರ್" ಅಂತಾರೆ. ನಾವೂ ಖುಷಿಯಾಗಿ ಬುಕ್ ಮಾಡ್ತೀವಿ.

ಇಲ್ಲೇ ಇರೋದು ಅಪಾಯ. ವೇಗ ನಮಗೆ ಗೊತ್ತಾಗೋದು ಬರೀ ಮೀಟರಿನಿಂದಲ್ಲ. ಟೈರಿನ ಮೊರೆತ, ಗಾಳಿಯ ಸದ್ದು, ಸೀಟಿನ ಅದುರು, ಇವೆಲ್ಲ ಸೇರಿ ಹೇಳುತ್ತವೆ. ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ: ಸದ್ದು ತಗ್ಗಿಸಿದರೆ ಡ್ರೈವರ್ ತನ್ನ ವೇಗವನ್ನು ಇರೋದಕ್ಕಿಂತ ಕಡಿಮೆ ಅಂದುಕೊಳ್ಳುತ್ತಾನೆ. ನೂರರಲ್ಲಿದ್ದರೂ ಅಷ್ಟಿಲ್ಲ ಅನ್ನಿಸುತ್ತೆ. ಆದರೆ ಬ್ರೇಕಿಗೆ ಅನಿಸಿಕೆ ಗೊತ್ತಿಲ್ಲ. ವೇಗ ದುಪ್ಪಟ್ಟಾದರೆ, ಬ್ರೇಕ್ ಒತ್ತಿದ ಮೇಲೆ ಗಾಡಿ ಓಡೋ ದೂರ ನಾಲ್ಕು ಪಟ್ಟು!

ತಮಾಷೆ ನೋಡಿ. ಕಂಪನಿಗಳು ಸದ್ದು ತೆಗೆದವು, ಸರ್ಕಾರ ಸದ್ದು ಹಾಕಿಸಿತು. 2019ರ ಜುಲೈ 1ರಿಂದ ತಯಾರಾಗೋ ಕಾರುಗಳಲ್ಲಿ 80 ದಾಟಿದರೆ ಆಗಾಗ ಬೀಪ್, 120 ದಾಟಿದರೆ ಬಿಡದೆ ಬೀಪ್. ನಾವೇನು ಮಾಡ್ತೀವಿ? ಹಾಡಿನ ವಾಲ್ಯೂಮ್ ಏರಿಸ್ತೀವಿ. ಇನ್ನು ಕೆಲವರು ಗ್ಯಾರೇಜಿಗೆ ಹೋಗಿ, "ಆ ಬೀಪ್ ಬಂದ್ ಮಾಡಿ ಕೊಡ್ರಿ" ಅಂತಾರೆ!

ಎಲ್ಲ ನಡುಕವೂ ಕಿರಿಕಿರಿಯಲ್ಲ, ಕೆಲವು ಎಚ್ಚರಿಕೆ. ವೇಗ ಏರಿದಾಗ ಸ್ಟೇರಿಂಗ್ ಅದುರಿದರೆ ವೀಲ್ ಬ್ಯಾಲೆನ್ಸಿಂಗ್ ನೋಡಿಸಿ. ಬ್ರೇಕ್ ಒತ್ತಿದಾಗ ಪೆಡಲ್ ಅದುರಿದರೆ ಡಿಸ್ಕ್ ನೋಡಿಸಿ. ವೇಗದ ಜೊತೆ ಗುಂಯ್ ಅನ್ನೋ ಸದ್ದೂ ಏರಿದರೆ ಬೇರಿಂಗ್ ಇರಬಹುದು. ಆದರೆ ಕಾರಿನಲ್ಲಿ ಹಾಡು ಜೋರಾಗಿದ್ದರೆ ಇದೆಲ್ಲ ಕೇಳೋದು ಹೇಗೆ ಸ್ವಾಮಿ?

ರಸ್ತೆ ಅಗಲ ಮಾಡೋದು ಸರ್ಕಾರದ ಕೆಲಸ. ಬಿಡದೆ ಕೇಳೋಣ, ಬೈಯೋಣ. ಆದರೆ ಆ ಬೀಪ್‌ಗೆ ಕಿವಿಗೊಟ್ಟು ಕಾಲು ಸಡಿಲಿಸೋದು ನಮ್ಮ ಕೆಲಸ. ಅದಕ್ಕೆ ಟೆಂಡರ್ ಬೇಕಿಲ್ಲ, ಅಡಿಗಲ್ಲೂ ಬೇಕಿಲ್ಲ.