ಹಾನಿಗೊಂಡ ಲಿಥಿಯಂ ಸೆಲ್‌ಗಳ ಸುರಕ್ಷಿತ ನಿರ್ವಹಣೆ

(ಸ್ವಚ್ಛ ಸಂಕೀರ್ಣದ ಸಿಬ್ಬಂದಿ ಹಾಗೂ ದುರಸ್ತಿಗಾರರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ನೀಡಿದ ಉಪನ್ಯಾಸ)



ಹಳೆಯ ಲ್ಯಾಪ್‌ಟಾಪ್, ಪವರ್ ಬ್ಯಾಂಕ್ ಹಾಗೂ ವಿದ್ಯುತ್ ಸ್ಕೂಟರ್‌ಗಳ ಬ್ಯಾಟರಿ ಪ್ಯಾಕ್‌ಗಳು ಈಗ ಒಣ ತ್ಯಾಜ್ಯದೊಡನೆ ಬರುತ್ತಿವೆ. ಪ್ಯಾಕ್‌ನಲ್ಲಿ ಒಂದೆರಡು ಸೆಲ್‌ಗಳು ಕೆಟ್ಟರೂ ಇಡೀ ಪ್ಯಾಕ್ ನಿರುಪಯುಕ್ತವಾಗಬಹುದು. ಆದುದರಿಂದ ಉಳಿದ ಸೆಲ್‌ಗಳನ್ನು ಬಿಡಿಸಿ ಟಾರ್ಚು, ಸೌರ ದೀಪಗಳಿಗೆ ಬಳಸುವ ರೂಢಿಯಿದೆ. ಆ ಮಿತವ್ಯಯ ಅರ್ಥವಾಗುವಂಥದ್ದೇ. ಆದರೆ ಹಾನಿಗೊಂಡ ಸೆಲ್ಲನ್ನು ಸತ್ತ ಸೆಲ್ ಎಂದು ಭಾವಿಸಬಾರದು ಎಂಬುದೇ ನನ್ನ ಇಂದಿನ ನಿವೇದನೆ.

ಹೆಬ್ಬೆರಳಿನ ಗಾತ್ರದ 18650 ಸೆಲ್ಲನ್ನೇ ಗಮನಿಸಿ. ಅದರ ವ್ಯಾಸ 18 ಮಿ.ಮೀ., ಉದ್ದ 65 ಮಿ.ಮೀ. ಅದರೊಳಗಿನ ಧನ ಮತ್ತು ಋಣ ಪದರಗಳನ್ನು ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದು ಬೇರ್ಪಡಿಸುತ್ತದೆ. ಜೊತೆಗೆ ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಣವೂ ಇದೆ. ಸೆಲ್ ಜಜ್ಜಿ ಆ ಹಾಳೆ ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಹುಟ್ಟಿದ ಶಾಖವು ಇನ್ನಷ್ಟು ಶಾಖವನ್ನು ಹುಟ್ಟಿಸುತ್ತಾ ಬೆಂಕಿಗೆ ಕಾರಣವಾಗುತ್ತದೆ. ಕೆಲವೊಮ್ಮೆ ಇದು ಪೆಟ್ಟು ಬಿದ್ದು ಗಂಟೆಗಳು, ದಿನಗಳು ಕಳೆದ ನಂತರ ಸಂಭವಿಸುತ್ತದೆ.

ಉಬ್ಬಿದ, ತಗ್ಗು ಬಿದ್ದ, ಸೋರುತ್ತಿರುವ, ತುಕ್ಕು ಹಿಡಿದ, ಬಳಸದಿದ್ದರೂ ಬಿಸಿಯಾಗಿರುವ ಅಥವಾ ಉಗುರುಬಣ್ಣ ತೆಗೆಯುವ ದ್ರವದಂತಹ ವಾಸನೆ ಬರುವ ಸೆಲ್ ಮರುಬಳಕೆಗೆ ಯೋಗ್ಯವಲ್ಲ. ಮಲ್ಟಿಮೀಟರ್‌ನಲ್ಲಿ 2 ವೋಲ್ಟ್‌ಗಿಂತ ಕಡಿಮೆ ತೋರುವ ಸೆಲ್ಲನ್ನೂ ಚಾರ್ಜ್ ಮಾಡಬಾರದು. ಅಷ್ಟು ಬರಿದಾದ ಸೆಲ್‌ನಲ್ಲಿ ತಾಮ್ರದ ಹಾಳೆ ಕರಗಲಾರಂಭಿಸಿರಬಹುದು. ಮರಳಿ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಡೆ ಕೂಡಿಕೊಂಡು ಶಾರ್ಟ್ ಆಗುವ ಸಂಭವವಿದೆ. ಮತ್ತೊಂದು ಬ್ಯಾಟರಿ ತಾಗಿಸಿ ಅದನ್ನು ಎಬ್ಬಿಸುವ ಪ್ರಯತ್ನವನ್ನು ದಯಮಾಡಿ ಕೈಬಿಡಿ.

ಪಾಲಿಸಬೇಕಾದ ಕ್ರಮಗಳು ಇಂತಿವೆ:

1. ಕೈಗವಸು ಹಾಗೂ ಕನ್ನಡಕ ಧರಿಸಿಯೇ ಮುಟ್ಟುವುದು. ಉಂಗುರ, ಬಳೆಗಳು ಸೆಲ್‌ಗೆ ತಾಗದಂತೆ ನೋಡಿಕೊಳ್ಳುವುದು.

2. ಎರಡೂ ತುದಿಗಳಿಗೆ ಇನ್ಸುಲೇಷನ್ ಟೇಪ್ ಅಂಟಿಸುವುದು.

3. ಒಣ ಮರಳು ತುಂಬಿದ ಲೋಹದ ಡಬ್ಬಿಯಲ್ಲಿ ಒಂದಕ್ಕೊಂದು ತಾಗದಂತೆ ಹೂಳುವುದು. ಮುಚ್ಚಳವನ್ನು ಬಿಗಿಯಾಗಿ ಹಾಕಬಾರದು, ಒಳಗಿನ ಅನಿಲ ಹೊರಹೋಗಬೇಕು.

4. ಡಬ್ಬಿಯನ್ನು ಕಾಗದ, ಪ್ಲಾಸ್ಟಿಕ್ ರಾಶಿಯಿಂದ ದೂರ, ಕಟ್ಟಡದ ಹೊರಗೆ ನೆರಳಿನಲ್ಲಿ ಇಡುವುದು.

5. ಬೇಲಿಂಗ್ ಯಂತ್ರಕ್ಕೆ ಹಾಕುವ ಮುನ್ನ ರಾಶಿಯಲ್ಲಿ ಬ್ಯಾಟರಿ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು.

ಸೆಲ್ ಹೊಗೆಯಾಡಿದರೆ ಕೈಯಲ್ಲಿ ಹಿಡಿದು ಓಡಬೇಡಿ. ಆ ಹೊಗೆ ವಿಷಕಾರಿ. ಎಲ್ಲರನ್ನೂ ಹೊಗೆಯಿಂದ ದೂರ, ಗಾಳಿ ಬೀಸಿ ಬರುತ್ತಿರುವ ದಿಕ್ಕಿಗೆ ಸರಿಸಿ 112ಕ್ಕೆ ಕರೆಮಾಡಿ. ಸೆಲ್ ವಿದ್ಯುತ್ ಸಂಪರ್ಕದಲ್ಲಿಲ್ಲದಿದ್ದರೆ ದೂರದಿಂದ ಹೇರಳವಾಗಿ ನೀರು ಸುರಿಯುವುದು ಸೂಕ್ತ, ಏಕೆಂದರೆ ಅದನ್ನು ತಂಪುಗೊಳಿಸುವುದೇ ಮುಖ್ಯ. ಆರಿದಂತೆ ಕಂಡರೂ ಅದು ಮತ್ತೆ ಹೊತ್ತಿಕೊಳ್ಳಬಹುದು.

ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಇತರ ಕಸದಿಂದ ಬೇರ್ಪಡಿಸಿ ಸಂಗ್ರಹಣೆ ಅಥವಾ ಮರುಬಳಕೆಯ ಸಂಸ್ಥೆಗಳಿಗೆ ನೀಡುವುದು ಬಳಕೆದಾರರ ಕರ್ತವ್ಯ. ಅವುಗಳ ಸಂಗ್ರಹಣೆ ಹಾಗೂ ಸಂಸ್ಕರಣೆಯ ಹೊಣೆ ಉತ್ಪಾದಕರದು. ಮನೆಯವರು ಬೇರ್ಪಡಿಸದೆ ಎಸೆದ ಬ್ಯಾಟರಿಯ ಅಪಾಯ ಮೊದಲು ತಟ್ಟುವುದು ಕಸ ವಿಂಗಡಿಸುವ ಸಹೋದರಿಯ ಕೈಗೆ. ಸ್ವಚ್ಛ ವಾಹಿನಿ ಮನೆಬಾಗಿಲಿಗೆ ಬಂದಾಗ ಬ್ಯಾಟರಿಯನ್ನು ಪ್ರತ್ಯೇಕವಾಗಿ ನೀಡುವಂತೆ ಪ್ರತಿ ಮನೆಗೂ ತಿಳಿಸೋಣ ಎಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.