ಮೂರು ನದಿಗಳಿಗೆ ಒಂದೇ ನೆತ್ತಿ

(ಉಪನ್ಯಾಸದ ಬರಹರೂಪ)



ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಿಂದ ಜಿಂಬಾಬ್ವೆಯ ವಿಕ್ಟೋರಿಯಾ ಜಲಪಾತದವರೆಗೆ ಭೂಮಾರ್ಗದಲ್ಲಿ ಸಾಗುವ ಗುಂಪು ಪ್ರವಾಸವು ಬಹುಕಾಲದಿಂದ ರೂಢಿಯಲ್ಲಿದೆ. ಅದಕ್ಕೆಂದೇ ಮಾರ್ಪಡಿಸಿದ ದೊಡ್ಡ ಟ್ರಕ್ಕು. ಅದರೊಳಗೆ ನಾನಾ ದೇಶಗಳ ಇಪ್ಪತ್ತು ಮಂದಿ. ಜೊತೆಗೆ ಚಾಲಕ, ಮಾರ್ಗದರ್ಶಿ, ಅಡುಗೆಯವ. ರಾತ್ರಿ ಇಬ್ಬಿಬ್ಬರಿಗೆ ಒಂದು ಗುಡಾರ. ಗುಡಾರ ಕಟ್ಟುವುದು, ಪಾತ್ರೆ ತೊಳೆಯುವುದು, ಟ್ರಕ್ಕು ಗುಡಿಸುವುದು ಮುಂತಾದ ಕೆಲಸಗಳನ್ನು ಪ್ರವಾಸಿಗರೇ ಸರದಿಯಂತೆ ಮಾಡಬೇಕು. ಸುಮಾರು ಮೂರು ವಾರಗಳ ಈ ದಾರಿಯ ಬಹುಭಾಗ ನಮೀಬಿಯಾದ ಮರುಭೂಮಿಯಲ್ಲಿಯೂ ಬೋಟ್ಸ್ವಾನಾದ ಒಣ ಬಯಲಿನಲ್ಲಿಯೂ ಸಾಗುತ್ತದೆ.

ಇಂದಿನ ಮಾತು ಆ ಪ್ರವಾಸದ ಕೊನೆಯ ಐದಾರು ದಿನಗಳಿಗೆ ಸಂಬಂಧಿಸಿದ್ದು. ಎರಡು ವಾರ ಒಣನೆಲವನ್ನೇ ಕಂಡ ಕಣ್ಣಿಗೆ ಈ ಕೊನೆಯ ದಿನಗಳಲ್ಲಿ ಮೂರು ಬಾರಿ ನೀರು ಎದುರಾಗುತ್ತದೆ. ಮೊದಲು ಒಕವಾಂಗೊ, ಬಳಿಕ ಚೋಬೆ, ಕೊನೆಗೆ ಜಾಂಬೆಜಿ. ಪ್ರವಾಸಿಗರ ಛಾಯಾಚಿತ್ರಗಳಲ್ಲಿ ಇವು ಮೂರು ಬೇರೆ ಬೇರೆ ನೋಟಗಳಾಗಿ ಉಳಿಯುತ್ತವೆ. ಆದರೆ ಮೂರೂ ನದಿಗಳು ಈ ಪ್ರವಾಸಿಗರು ಕಾಲಿಡದ ಒಂದು ಎತ್ತರದ ನಾಡಿಗೆ ಋಣಿಯಾಗಿವೆ. ಅದು ಅಂಗೋಲಾ ದೇಶದ ಮಲೆಸೀಮೆ. ಕೆಳಗಿನ ನೀರನ್ನು ಅರಿಯಬೇಕಾದರೆ ಆ ನೆತ್ತಿಯನ್ನು ಅರಿಯಬೇಕು.

ಒಣಗಾಲದಲ್ಲಿ ಬರುವ ನೆರೆ

ಬೋಟ್ಸ್ವಾನಾದ ಮೌನ್ ಎಂಬ ಊರು ಒಕವಾಂಗೊ ಮುಖಜಭೂಮಿಯ ಹೆಬ್ಬಾಗಿಲು. ಟ್ರಕ್ಕನ್ನು ಅಲ್ಲಿಯೇ ಬಿಟ್ಟು, ಒಂದೆರಡು ರಾತ್ರಿಗೆ ಬೇಕಾದ ಗುಡಾರ, ಕುಡಿಯುವ ನೀರು, ಆಹಾರ ಹೊತ್ತು ಪ್ರವಾಸಿಗರು ಮೊಕೊರೊ ಎಂಬ ಕಿರುದೋಣಿಗಳನ್ನು ಏರುತ್ತಾರೆ. ಹಿಂದೆ ಇವನ್ನು ಒಂದೇ ಮರದ ಕಾಂಡವನ್ನು ಕೊರೆದು ಮಾಡುತ್ತಿದ್ದರು. ದೊಡ್ಡ ಮರಗಳನ್ನು ಉಳಿಸಲೆಂದು ಈಗ ಹೆಚ್ಚಾಗಿ ಫೈಬರ್‌ಗ್ಲಾಸ್ ಬಳಸುತ್ತಾರೆ. ದೋಣಿಯ ಹಿಂತುದಿಯಲ್ಲಿ ನಿಂತ ಅಂಬಿಗರು ಉದ್ದನೆಯ ಗಳವನ್ನು ಊರಿ, ಜೊಂಡಿನ ನಡುವೆ ಸದ್ದಿಲ್ಲದೆ ದೋಣಿ ನೂಕುತ್ತಾರೆ. ಅವರಲ್ಲಿ ಹೆಂಗಸರೂ ಇದ್ದಾರೆ. ಯಾವ ಕಾಲುವೆಯಲ್ಲಿ ನೀರಾನೆ ಬೀಡುಬಿಟ್ಟಿದೆ, ಯಾವ ದ್ವೀಪದಲ್ಲಿ ಗುಡಾರ ಹೂಡಬಹುದು ಎಂಬ ತಿಳಿವಳಿಕೆ ಅವರದು.

ಈ ನದಿ ಸಮುದ್ರವನ್ನು ಸೇರುವುದಿಲ್ಲ. ಕಲಹರಿಯ ಮರಳಿನಲ್ಲಿ ಕೈಬೆರಳುಗಳಂತೆ ಹರಡಿ ಅಲ್ಲಿಯೇ ಮುಗಿಯುತ್ತದೆ. ಅಂಗೋಲಾದ ಎತ್ತರದಲ್ಲಿ ಜನವರಿ, ಫೆಬ್ರವರಿಯಲ್ಲಿ ಸುರಿದ ಮಳೆಯು ಕುಬಾಂಗೊ ಮತ್ತು ಕುಯಿಟೊ ಎಂಬ ಎರಡು ನದಿಗಳಾಗಿ ಇಳಿದು, ನಮೀಬಿಯಾದ ಗಡಿಯಲ್ಲಿ ಒಂದಾಗಿ, ಮಾರ್ಚ್ ಏಪ್ರಿಲ್ ವೇಳೆಗೆ ಬೋಟ್ಸ್ವಾನಾವನ್ನು ಪ್ರವೇಶಿಸುತ್ತದೆ. ಮುಂದೆ ನೆಲದ ಇಳಿಜಾರು ಎಷ್ಟು ಕಡಿಮೆಯೆಂದರೆ, ಆ ನೆರೆಯು ಜೊಂಡಿನ ನಡುವೆ ತೆವಳಿ ಮೌನ್ ಮುಟ್ಟುವಾಗ ಜೂನ್ ಅಥವಾ ಜುಲೈ ಆಗಿರುತ್ತದೆ. ಅಲ್ಲಿ ಅದು ಮಳೆಯೇ ಇಲ್ಲದ ಒಣ ಚಳಿಗಾಲ. ಸುತ್ತಲಿನ ಹಳ್ಳಕೊಳ್ಳಗಳೆಲ್ಲ ಬತ್ತಿದ ಹೊತ್ತಿಗೆ ನೆರೆ ಬರುವುದರಿಂದಲೇ ಆನೆ, ಕಾಡೆಮ್ಮೆ, ಜಿಂಕೆಗಳ ಹಿಂಡು ಅಲ್ಲಿಗೆ ಬಂದು ಸೇರುತ್ತವೆ.

ವರ್ಷಕ್ಕೆ ಸುಮಾರು ಸಾವಿರ ಕೋಟಿ ಘನ ಮೀಟರ್ ನೀರು ಹೀಗೆ ಬರುತ್ತದೆ. ಅದು ತುಂಬಿದ ಲಿಂಗನಮಕ್ಕಿ ಜಲಾಶಯದ ಎರಡು ಪಟ್ಟಿಗೂ ಹೆಚ್ಚು. ಅದರ ಬಹುಪಾಲು ಆವಿಯಾಗಿ, ಗಿಡಮರಗಳ ಎಲೆಗಳಿಂದ ಬಾಷ್ಪವಾಗಿ ಗಾಳಿಗೆ ಸೇರುತ್ತದೆ. ಇಷ್ಟೊಂದು ನೀರು ಆವಿಯಾದರೆ ನೀರಿನಲ್ಲಿ ಕರಗಿದ ಲವಣಗಳು ಉಳಿದು, ಇಡೀ ಪ್ರದೇಶ ಉಪ್ಪಿನ ಬಯಲಾಗಬೇಕಿತ್ತು. ಹಾಗೆ ಆಗದಿರುವುದಕ್ಕೆ ಕಾರಣ ಗೆದ್ದಲು ಮತ್ತು ಮರ. ಗೆದ್ದಲಿನ ಹುತ್ತವೊಂದು ನೆರೆಯ ಮಟ್ಟಕ್ಕಿಂತ ಮೇಲೆ ಏಳುತ್ತದೆ. ಹಕ್ಕಿಗಳು ಹಾಕಿದ ಬೀಜ ಅದರ ಮೇಲೆ ಮೊಳೆಯುತ್ತದೆ. ಹುತ್ತ ಬೆಳೆದು ದ್ವೀಪವಾಗುತ್ತದೆ. ದ್ವೀಪದ ಅಂಚಿನ ಮರಗಳು ನೆಲದಡಿಯ ನೀರನ್ನು ಹೀರುವಾಗ ಲವಣಗಳು ದ್ವೀಪದ ನಡುವಿನ ನೆಲದಡಿಗೆ ಸರಿದು ಅಲ್ಲಿ ಸಂಗ್ರಹವಾಗುತ್ತವೆ. ಅದಕ್ಕಾಗಿಯೇ ಅನೇಕ ದ್ವೀಪಗಳ ನಡುಭಾಗ ಬೋಳಾಗಿದ್ದು, ಸುತ್ತಲಿನ ನೀರು ಸಿಹಿಯಾಗಿರುತ್ತದೆ. ಮರಗಳನ್ನು ಕಡಿದರೆ ಈ ಏರ್ಪಾಡು ಮುರಿಯುತ್ತದೆ. ಪ್ರವಾಸಿಗರು ಗುಡಾರ ಹೂಡುವ ನೆಲವೇ ಹೀಗೆ ಗೆದ್ದಲಿನ ಕೊಡುಗೆ.

2014ರಲ್ಲಿ ಯುನೆಸ್ಕೊ ತನ್ನ ವಿಶ್ವಪರಂಪರೆಯ ಪಟ್ಟಿಗೆ ಸಾವಿರನೆಯ ತಾಣವಾಗಿ ಒಕವಾಂಗೊವನ್ನು ಸೇರಿಸಿತು. ಆದರೆ ಅದಕ್ಕೂ ಬಹಳ ಮೊದಲೇ ಅದನ್ನು ಉಳಿಸಿದವರು ಸ್ಥಳೀಯರು. ನೆರೆ ಇಳಿದ ಹಸಿನೆಲದಲ್ಲಿ ಮೆಕ್ಕೆಜೋಳ, ಜೋಳ ಬಿತ್ತುವ ಮೊಲಾಪೊ ಎಂಬ ಬೇಸಾಯ ಅಲ್ಲಿ ಹಿಂದಿನಿಂದಲೂ ಇದೆ. ಬೊರೊ ನದಿಯ ಪಾತ್ರವನ್ನು ಯಂತ್ರಗಳಿಂದ ಅಗೆದು, ಮೌನ್ ಪಟ್ಟಣಕ್ಕೂ ನೀರಾವರಿಗೂ ವಜ್ರದ ಗಣಿಗೂ ನೀರೊಯ್ಯುವ ಸರ್ಕಾರಿ ಯೋಜನೆ ಸಿದ್ಧವಾದಾಗ, 1991ರ ಜನವರಿಯಲ್ಲಿ ಮೌನ್‌ನ ಜನ ಖೋಟ್ಲಾ ಎಂಬ ಊರಸಭೆಯಲ್ಲಿ ಸೇರಿ ಸರ್ಕಾರದ ಪ್ರತಿನಿಧಿಗಳ ಮುಂದೆಯೇ ಅದನ್ನು ವಿರೋಧಿಸಿದರು. ಸರ್ಕಾರ ಕೆಲಸವನ್ನು ತಡೆಹಿಡಿದು, ಹೊರಗಿನ ತಜ್ಞರಿಂದ ಪರಿಶೀಲನೆ ಮಾಡಿಸಿ, 1992ರಲ್ಲಿ ಯೋಜನೆಯನ್ನು ಕೈಬಿಟ್ಟಿತು. ಬೇಡ್ತಿ ಕಣಿವೆಯ ಹೋರಾಟವನ್ನು ಬಲ್ಲವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಬೇಲಿ, ಜೋಳ, ಆನೆ

ಮೌನ್‌ನಿಂದ ಪೂರ್ವಕ್ಕೆ ನಾಟಾ, ಅಲ್ಲಿಂದ ಉತ್ತರಕ್ಕೆ ಕಸಾನೆ: ಒಟ್ಟು ಸುಮಾರು 600 ಕಿಲೋಮೀಟರ್. ಈ ಸೀಮೆಯ ರಸ್ತೆಗಳಲ್ಲಿ ಪಶುವೈದ್ಯ ಇಲಾಖೆಯ ತಪಾಸಣಾ ಗೇಟುಗಳಿವೆ. ಅಲ್ಲಿ ಪ್ರವಾಸಿಗರೆಲ್ಲ ಇಳಿದು ಸೋಡಾ ದ್ರಾವಣದಲ್ಲಿ ನೆನೆದ ಹಾಸಿನ ಮೇಲೆ ಚಪ್ಪಲಿ, ಬೂಟು ಒತ್ತಬೇಕು, ಹಸಿಮಾಂಸವಿದ್ದರೆ ಒಪ್ಪಿಸಬೇಕು. ಕಾಡೆಮ್ಮೆಗಳಿಂದ ದನಗಳಿಗೆ ಕಾಲುಬಾಯಿ ರೋಗ ತಗಲದಂತೆ ತಡೆಯುವ ಏರ್ಪಾಡು ಇದು. ಯುರೋಪಿಗೆ ಗೋಮಾಂಸ ಮಾರುವ ದೇಶಕ್ಕೆ ಇದು ಬದುಕಿನ ಪ್ರಶ್ನೆ. ಆದರೆ ಇದೇ ಉದ್ದೇಶದ ಉದ್ದುದ್ದ ಬೇಲಿಗಳಿಗೆ ಇನ್ನೊಂದು ಮುಖವಿದೆ. 1958ರಲ್ಲಿ ಹಾಕಿದ ಕುಕೆ ಬೇಲಿಯು ಕಲಹರಿಯ ವೈಲ್ಡ್‌ಬೀಸ್ಟ್ ಹಿಂಡುಗಳು ನೀರಿಗೆ ಹೋಗುವ ದಾರಿಯನ್ನು ಕಡಿದುಹಾಕಿತು. 1980ರ ದಶಕದ ಬರಗಾಲದಲ್ಲಿ ಅವು ಅಪಾರ ಸಂಖ್ಯೆಯಲ್ಲಿ ಸತ್ತವು.

ನಾಟಾ ಸಮೀಪದಲ್ಲಿ ಮಕ್ಗಡಿಕ್ಗಡಿ ಎಂಬ ಬಿಳಿಯ ಉಪ್ಪುಬಯಲು ಕಾಣುತ್ತದೆ. ಬಹು ಹಿಂದೆ ಅದು ಒಂದು ಮಹಾಸರೋವರ. ಒಕವಾಂಗೊ, ಕ್ವಾಂಡೊ, ಮೇಲಿನ ಜಾಂಬೆಜಿ ನದಿಗಳ ನೀರು ಅಲ್ಲಿಗೆ ಹರಿಯುತ್ತಿತ್ತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ನೆಲ ಬಾಗಿ ನದಿಗಳು ದಿಕ್ಕು ಬದಲಿಸಿದವು, ಸರೋವರ ಬತ್ತಿತು. ನೀರು ಬಿಟ್ಟುಹೋದ ನೆಲ ಏನಾಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ನಾಟಾ ದಾಟಿ ಉತ್ತರಕ್ಕೆ ಹೋದಂತೆ ಪಂಡಮಟೆಂಗಾ ಎಂಬಲ್ಲಿ ಕಪ್ಪು ಎರೆಮಣ್ಣಿನ ಹೊಲಗಳು ಬರುತ್ತವೆ. ಅಲ್ಲಿನ ಮುಖ್ಯ ಬೆಳೆ ಜೋಳ. ಕನ್ನಡಿಗರ ರೊಟ್ಟಿಯ ಜೋಳ, ಮುದ್ದೆಯ ರಾಗಿ ಎರಡೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದ ಧಾನ್ಯಗಳು. ಬೋಟ್ಸ್ವಾನಾದವರು ಜೋಳದ ಹಿಟ್ಟಿನಿಂದ ಬೊಗೊಬೆ ಎಂಬ ಗಂಜಿಯನ್ನು ಮಾಡಿ ಉಣ್ಣುತ್ತಾರೆ.

ಈ ರಸ್ತೆಯಲ್ಲಿ ಆನೆಗಳು ದನಗಳಂತೆ ಅಡ್ಡ ದಾಟುತ್ತವೆ. ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ಐದೂ ದೇಶಗಳು 2011ರಲ್ಲಿ ಒಪ್ಪಂದ ಮಾಡಿಕೊಂಡು ರೂಪಿಸಿದ ಸಂರಕ್ಷಣಾ ಪ್ರದೇಶದಲ್ಲಿ 2022ರ ಗಣತಿಯಂತೆ ಸುಮಾರು 2,28,000 ಆನೆಗಳಿವೆ. ಅದರಲ್ಲಿ 1,30,000ಕ್ಕೂ ಹೆಚ್ಚು ಬೋಟ್ಸ್ವಾನಾದವು. ಕರ್ನಾಟಕದ ಎಲ್ಲ ಕಾಡುಗಳಲ್ಲಿ 2023ರಲ್ಲಿ ಅಂದಾಜಿಸಿದ ಸಂಖ್ಯೆ 6,395. ಪ್ರವಾಸಿಗರಿಗೆ ಹಬ್ಬವಾದ ಈ ನೋಟ, ರಾತ್ರಿ ಹೊಲ ಕಾಯುವ ರೈತನಿಗೆ ಬೇರೆಯೇ. ಒಣಮೆಣಸಿನಪುಡಿಯನ್ನು ಆನೆಲದ್ದಿಯೊಂದಿಗೆ ಕಲಸಿ, ಬೆರಣಿ ತಟ್ಟಿ, ಹೊಲದಂಚಿನಲ್ಲಿ ಸುಟ್ಟು ಘಾಟೆಬ್ಬಿಸುವ ಉಪಾಯವನ್ನು ಅಲ್ಲಿನ ರೈತರು ಬಳಸುತ್ತಾರೆ. ಬೋಟ್ಸ್ವಾನಾ 2014ರಲ್ಲಿ ಬೇಟೆಯನ್ನು ನಿಷೇಧಿಸಿತು. ಗ್ರಾಮೀಣ ಜನರ ಒತ್ತಾಯದ ನಡುವೆ 2019ರಲ್ಲಿ ನಿಷೇಧವನ್ನು ತೆಗೆಯಿತು. ಹೊರಗಿನವರು ಈ ಎರಡು ತೀರ್ಮಾನಗಳನ್ನು ಹೊಗಳುವ, ಜರೆಯುವ ಮುನ್ನ ಹೊಲ ಕಾಯುವವನ ಮಾತನ್ನು ಕೇಳುವುದು ನ್ಯಾಯ.

ಚೋಬೆಯ ಸಂಜೆ, ಜಾಂಬೆಜಿಯ ಬೆಳಗು

ಕಸಾನೆಯಲ್ಲಿ ಪ್ರವಾಸಿಗರು ಸಂಜೆ ದೋಣಿಯೇರಿ ಚೋಬೆ ನದಿಯಲ್ಲಿ ಸಾಗುತ್ತಾರೆ. ಸೊಂಡಿಲೆತ್ತಿ ಈಜುವ ಆನೆಗಳು, ದಡದ ಮೊಸಳೆಗಳು, ಆಚೆ ದಡದಲ್ಲಿ ನಮೀಬಿಯಾ. ಅಂಗೋಲಾದಲ್ಲಿ ಹುಟ್ಟಿದ ಕ್ವಾಂಡೊ ನದಿಯೇ ಮುಂದೆ ಲಿನ್ಯಾಂಟಿಯೆನಿಸಿ, ಕೊನೆಗೆ ಚೋಬೆಯಾಗುತ್ತದೆ. ಜಾಂಬೆಜಿಗೆ ದೊಡ್ಡ ನೆರೆ ಬಂದಾಗ ಅದರ ನೀರು ಚೋಬೆಯೊಳಗೆ ಹಿಮ್ಮುಖವಾಗಿ ನುಗ್ಗುವುದೂ ಉಂಟು.

ಚೋಬೆ ಜಾಂಬೆಜಿಯನ್ನು ಸೇರುವ ಕಾಜುಂಗುಲಾದಲ್ಲಿ ಹಿಂದೆ ಲಾರಿಗಳು ದಿನಗಟ್ಟಲೆ ಕಾದು ಹಡಗುಕಟ್ಟೆಯಿಂದ ನದಿ ದಾಟುತ್ತಿದ್ದವು. 2021ರ ಮೇ ತಿಂಗಳಲ್ಲಿ 923 ಮೀಟರ್ ಉದ್ದದ ಸೇತುವೆ ತೆರೆಯಿತು. ಪ್ರವಾಸದ ಟ್ರಕ್ಕು ಆ ಸೇತುವೆಯನ್ನು ಏರದೆ, ಹತ್ತಿರದ ಗಡಿಕಟ್ಟೆಯಿಂದ ಜಿಂಬಾಬ್ವೆಯನ್ನು ಹೊಕ್ಕು ಸುಮಾರು 80 ಕಿಲೋಮೀಟರ್ ಸಾಗಿದರೆ ಜಲಪಾತದ ಊರು.

ಸ್ಥಳೀಯರು ಅದನ್ನು ಮೋಸಿ ಓ ತುನ್ಯಾ, ಅಂದರೆ ಗುಡುಗುವ ಹೊಗೆ, ಎಂದು ಕರೆಯುತ್ತಾರೆ. ಎತ್ತರ 108 ಮೀಟರ್, ಜೋಗದ ಅರ್ಧಕ್ಕೂ ಕಡಿಮೆ. ಅಗಲ 1,708 ಮೀಟರ್. ಏಪ್ರಿಲ್ ಹೊತ್ತಿಗೆ ತುಂಬಿ ಹರಿಯುವ ನದಿ ಅಕ್ಟೋಬರ್, ನವೆಂಬರ್‌ನಲ್ಲಿ ಸೊರಗಿ, ಜಾಂಬಿಯಾದ ಕಡೆಯ ಬಂಡೆ ಬರಿದಾಗುತ್ತದೆ. ಆ ಕಡೆ ಜಲಪಾತದ ಮೇಲ್ಗಡೆಯಿಂದಲೇ ನೀರನ್ನು ತಿರುಗಿಸಿಕೊಳ್ಳುವ 108 ಮೆಗಾವಾಟಿನ ವಿದ್ಯುದಾಗಾರವೂ ಇದೆ. ಜೋಗದ ನೀರು ಹೋದ ದಾರಿಯನ್ನು ಕಂಡವರಿಗೆ ಆ ಬರಿಯ ಬಂಡೆಯ ಅರ್ಥ ತಿಳಿಯುತ್ತದೆ.

ಇಲ್ಲಿ ಪ್ರವಾಸ ಮುಗಿಯುತ್ತದೆ. ಗುಡಾರಗಳ ಮರಳು ಕೊಡವಿ, ಮಡಿಸಿ, ಟ್ರಕ್ಕಿಗೆ ಏರಿಸುತ್ತಾರೆ. ಒಟ್ಟಿಗೆ ಕೊನೆಯ ಊಟ ಮಾಡಿ, ವಿಳಾಸ ಬದಲಿಸಿಕೊಂಡು ಚದುರುತ್ತಾರೆ. ಟ್ರಕ್ಕು ಮುಂದಿನ ಗುಂಪನ್ನು ಕಾಯುತ್ತದೆ.

ಕಾಣದ ನೆತ್ತಿ

ಜಾಂಬೆಜಿ ಹುಟ್ಟುವುದು ಜಾಂಬಿಯಾದ ವಾಯವ್ಯ ಮೂಲೆಯಲ್ಲಿ. ಆದರೆ ಅದು ಪೂರ್ವ ಅಂಗೋಲಾದೊಳಗೆ ಹಾದು, ಅಲ್ಲಿನ ಉಪನದಿಗಳ ನೀರನ್ನು ತುಂಬಿಕೊಂಡೇ ಕೆಳಗಿಳಿಯುತ್ತದೆ. ಹೀಗೆ ಮೂರು ನೀರಿಗೂ ಅಂಗೋಲಾದ ಎತ್ತರವೇ ಆಸರೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 1,200 ಮಿಲಿಮೀಟರಿನ ಆಸುಪಾಸು. ಮಲೆನಾಡಿನ ಲೆಕ್ಕದಲ್ಲಿ ಹೆಚ್ಚೇನಲ್ಲ. ಆದರೂ ಕುಯಿಟೊ ನದಿ ವರ್ಷವಿಡೀ ಹರಿಯುತ್ತದೆ. ಆಳವಾದ ಮರಳು ಮಳೆಯನ್ನು ಹೀರಿಕೊಂಡು, ಕಣಿವೆಗಳ ಕೊಳೆತ ಸಸ್ಯಗಳ ಜೌಗುಮಣ್ಣು ಅದನ್ನು ಹಿಡಿದಿಟ್ಟು, ತಿಂಗಳುಗಟ್ಟಲೆ ಸೋಸಿ ಬಿಡುತ್ತದೆ. ಸಹ್ಯಾದ್ರಿಯ ಶೋಲಾಕಾಡು ಮತ್ತು ಹುಲ್ಲುಗಾವಲು ಮಾಡುವ ಕೆಲಸವೇ ಇದು.

1975ರಿಂದ 2002ರವರೆಗೆ ಅಂಗೋಲಾದಲ್ಲಿ ಅಂತರ್ಯುದ್ಧ ನಡೆಯಿತು. ನೆಲಬಾಂಬುಗಳ ಭಯದಿಂದ ಜನ ಆ ಸೀಮೆಯ ಬಹುಭಾಗದಿಂದ ದೂರವಿದ್ದರು. ಶಾಂತಿ ಬಂದ ಮೇಲೆ ಹಿಂದಿರುಗಿದವರಿಗೆ ಮರಗೆಣಸು ಬೆಳೆಯಲು ನೆಲ ಬೇಕು, ಉರುವಲು ಬೇಕು, ಕೈಗೆ ನಾಲ್ಕು ಕಾಸು ಬೇಕು. ಕಾಡು ಕಡಿದು ಸುಟ್ಟು ಬಿತ್ತುವುದು, ಇದ್ದಿಲು ಸುಡುವುದು, ಒಣಗಾಲದ ಕೊನೆಯಲ್ಲಿ ಹಬ್ಬುವ ಬೆಂಕಿ, ಇವು ಆ ಜೌಗುಮಣ್ಣಿನವರೆಗೂ ಮುಟ್ಟಿದರೆ ಕೆಳಗಿನ ನೆರೆ ಕ್ರಮ ತಪ್ಪುತ್ತದೆ. ಅವರನ್ನು ದೂಷಿಸಿ ಫಲವಿಲ್ಲ. ತೊಗಟೆಯ ಗೂಡುಗಳನ್ನು ಮರಕ್ಕೆ ಕಟ್ಟಿ ಜೇನು ತೆಗೆಯುವ ಅದೇ ಜನರಿಗೆ ಕಾಡಿನ ಬೆಲೆ ಚೆನ್ನಾಗಿಯೇ ಗೊತ್ತು.

ನೆತ್ತಿ ಒಣಗಿದರೆ ಏನಾಗುತ್ತದೆ ಎಂಬುದನ್ನು 2019 ತೋರಿಸಿತು. ಮೇಲಿನ ಮಳೆ ಕೈಕೊಟ್ಟ ಆ ವರ್ಷ ಮೌನ್‌ನ ನದಿ ಬತ್ತಿ ನೀರಾನೆಗಳು ಕೆಸರಿನಲ್ಲಿ ಸಿಲುಕಿದವು. ವರ್ಷದ ಕೊನೆಗೆ ವಿಕ್ಟೋರಿಯಾ ಜಲಪಾತ ಎಳೆಎಳೆಯಾಗಿ ಸೊರಗಿತು. ನೂರಾರು ಕಿಲೋಮೀಟರ್ ಅಂತರದ ಎರಡು ಊರುಗಳಲ್ಲಿ ಒಂದೇ ವರ್ಷ ಒಂದೇ ಸಂಕಟ.

ಒಕವಾಂಗೊ ನದಿಗಾಗಿ ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ ಸೇರಿ 1994ರಲ್ಲಿ ಜಂಟಿ ಆಯೋಗವನ್ನು ರಚಿಸಿವೆ. ನೀರು ಹಂಚಿಕೊಳ್ಳಲು ಕುಳಿತು ಮಾತಾಡುವ ವೇದಿಕೆಯಿರುವುದು ಸಣ್ಣ ಸಂಗತಿಯಲ್ಲ. ಆದರೆ ಪ್ರವಾಸದ ಹಣದ ದಾರಿ ಬೇರೆ. ದೋಣಿಯ ಬಾಡಿಗೆ, ಉದ್ಯಾನದ ಶುಲ್ಕ, ಗುಡಾರದ ನೆಲದ ಬಾಡಿಗೆ ಎಲ್ಲವೂ ಸಂದಾಯವಾಗುವುದು ಕೆಳಗಿನ ದೇಶಗಳಲ್ಲಿ. ಈ ಟ್ರಕ್ಕಿನ ದಾರಿಯಲ್ಲಿ ಅಂಗೋಲಾ ಬರುವುದೇ ಇಲ್ಲ. ನೀರು ಕಾಯಬೇಕಾದವರು ಮೇಲೆ, ನೀರಿನಿಂದ ಗಳಿಸುವವರು ಕೆಳಗೆ. ಈ ಅಂತರ ತುಂಬದೆ ಮೇಲಿನವರಿಗೆ ಕಾಡು ಉಳಿಸಿರೆಂದು ಹೇಳುವುದು ಬರಿಯ ಉಪದೇಶವಾಗುತ್ತದೆ.

ಮಾಡಬಹುದಾದದ್ದು ಇಲ್ಲದಿಲ್ಲ. ಹೊಲಕ್ಕೆ ಗೊಬ್ಬರ ಸಿಕ್ಕರೆ ರೈತ ಹೊಸ ಕಾಡು ಕಡಿಯದೆ ಅದೇ ನೆಲದಲ್ಲಿ ಹೆಚ್ಚು ವರ್ಷ ನಿಲ್ಲಬಲ್ಲ. ಹುಲ್ಲಿನಲ್ಲಿ ತೇವ ಉಳಿದಿರುವಾಗಲೇ ಅಲ್ಲಲ್ಲಿ ಚಿಕ್ಕ ಬೆಂಕಿ ಹಾಕಿಕೊಂಡರೆ ಒಣಗಾಲದ ಕೊನೆಯ ದೊಡ್ಡ ಬೆಂಕಿ ತಪ್ಪುತ್ತದೆ. ಜೇನಿಗೆ ತಕ್ಕ ಬೆಲೆ ಸಿಕ್ಕರೆ ಇದ್ದಿಲಿನ ಆಸೆ ಕಡಿಮೆಯಾಗುತ್ತದೆ. ಕೆಳಗಿನ ಗಳಿಕೆಯ ಒಂದು ಪಾಲು ಮೇಲಕ್ಕೆ ಹೋಗುವುದಾದರೆ ಇವೆಲ್ಲ ಸಾಧ್ಯ.

ವಿದ್ಯಾರ್ಥಿಗಳು ಭೂಪಟವನ್ನು ತೆರೆದು, ಮೌನ್, ಕಸಾನೆ, ವಿಕ್ಟೋರಿಯಾ ಜಲಪಾತಗಳಿಂದ ಬೆರಳನ್ನು ನೀರಿನ ಎದುರುದಿಕ್ಕಿಗೆ ನಡೆಸಬೇಕು. ಆ ಬೆರಳು ಎಲ್ಲಿ ಹೋಗಿ ಸೇರುತ್ತದೆ, ಅಲ್ಲಿ ಯಾರು ಬಾಳುತ್ತಿದ್ದಾರೆ, ಅವರಿಗೆ ಏನು ಸಿಕ್ಕಿದೆ ಎಂದು ಕೇಳಬೇಕು. ಆ ಮೇಲೆ ತಮ್ಮ ಊರಿನ ಹಳ್ಳದ ಮೇಲೂ ಅದೇ ಬೆರಳನ್ನು ಇಡಬಹುದು.