ಹಳೆಯ ಕೈಗಡಿಯಾರ: ಅಸಲಿಯೋ, ಕಲಬೆರಕೆಯೋ?



ನಿಮ್ಮ ಮನೆಯ ಬೀರುವಿನಲ್ಲೋ, ಅಜ್ಜನ ಟ್ರಂಕಿನಲ್ಲೋ ಒಂದು ಹಳೆಯ ಎಚ್.ಎಂ.ಟಿ. ಕೈಗಡಿಯಾರ ಇದ್ದರೂ ಇರಬಹುದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಈ ಕಾರ್ಖಾನೆ ಆರಂಭವಾಯಿತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರಿನ ಗಡಿಯಾರಗಳು ಮದುವೆಯ ಉಡುಗೊರೆಯಾಗಿ, ಪರೀಕ್ಷೆ ಪಾಸಾದ ಮಕ್ಕಳಿಗೆ ಬಹುಮಾನವಾಗಿ, ನಿವೃತ್ತಿಯ ದಿನದ ನೆನಪಾಗಿ ಲಕ್ಷಾಂತರ ಕೈಗಳನ್ನು ಸೇರಿದವು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆ ಬಳಿಕ ಹಳೆಯ ಗಡಿಯಾರಗಳನ್ನು ಹುಡುಕಿ ಕೊಳ್ಳುವವರು ಹೆಚ್ಚಾದರು. ಬೇಡಿಕೆ ಇದ್ದಲ್ಲಿ ಕಲಬೆರಕೆಯೂ ಬರುತ್ತದೆ. ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಡಯಲು, ಮತ್ಯಾವುದೋ ಗಡಿಯಾರದ ಮುಳ್ಳುಗಳು, ಇನ್ನೆಲ್ಲಿಯದೋ ಕವಚ ಸೇರಿಸಿ, ಥಳಥಳಿಸುವಂತೆ ಮಾಡಿ, "ಐವತ್ತು ವರ್ಷದ ಅಸಲಿ ಮಾಲು" ಎಂದು ಮಾರುವವರಿದ್ದಾರೆ. ಇಂಥದ್ದನ್ನು ಗುರುತಿಸುವುದು ಹೇಗೆ? ಇದಕ್ಕೆ ಬೇಕಾದ ವಿಜ್ಞಾನ ಬಹುಮಟ್ಟಿಗೆ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ.

ಮೊದಲು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ಗಡಿಯಾರದ ಭಾಗಗಳೆಲ್ಲ ಕಾರ್ಖಾನೆಯಲ್ಲಿ ಒಟ್ಟಿಗೆ ಜೋಡಿಸಿದವೇ ಎಂಬುದು ಒಂದು ಪ್ರಶ್ನೆ. ಆ ಭಾಗಗಳು ಈಗ ಹೇಗಿವೆ ಎಂಬುದು ಇನ್ನೊಂದು. ಮೊದಲನೆಯದು ಅಸಲಿತನ, ಎರಡನೆಯದು ಸ್ಥಿತಿ. ಗೀರುಬಿದ್ದು, ಡಯಲು ಹಳದಿಗಟ್ಟಿ, ನಿಂತುಹೋದ ಗಡಿಯಾರ ಸಂಪೂರ್ಣ ಅಸಲಿಯಾಗಿರಬಹುದು. ಹೊಳೆಯುತ್ತ ಸರಿಯಾಗಿ ಓಡುವ ಗಡಿಯಾರ ನಾಲ್ಕು ಗಡಿಯಾರಗಳ ಜೋಡಣೆಯಾಗಿರಬಹುದು. ಈ ಎರಡನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚಾಗಿ ಮೋಸಹೋಗುತ್ತಾರೆ.

ಪರೀಕ್ಷೆಯನ್ನು ಡಯಲಿನಿಂದ ಆರಂಭಿಸಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಸಾಕು. ಕಾರ್ಖಾನೆಯಲ್ಲಿ ಅಚ್ಚಾದ ಅಕ್ಷರಗಳ ಅಂಚು ಚೂಪಾಗಿರುತ್ತದೆ, ದಪ್ಪ ಒಂದೇ ಸಮನಾಗಿರುತ್ತದೆ. ಮರುಬಣ್ಣ ಬಳಿದ ಡಯಲಿನಲ್ಲಿ ಶಾಯಿ ಹರಡಿರುತ್ತದೆ, ಸಣ್ಣ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಿಮಿಷದ ಗೆರೆಗಳು ಗಂಟೆಯ ಗುರುತುಗಳ ನೇರಕ್ಕೆ ಕೂತಿವೆಯೇ ಎಂದೂ ನೋಡಿ. ಅರ್ಧ ಶತಮಾನದ ಹಿಂದಿನದೆನ್ನುವ ಡಯಲಿನ ಬಣ್ಣ ಈಗ ತಾನೇ ಬಳಿದಂತೆ ಕಣ್ಣು ಕುಕ್ಕುತ್ತಿದ್ದರೆ ಒಂದು ಕ್ಷಣ ತಡೆಯಿರಿ.

ಎರಡನೆಯದು ಕತ್ತಲಲ್ಲಿ ಹೊಳೆಯುವ ಬಣ್ಣ. ಇಲ್ಲಿ ಭೌತವಿಜ್ಞಾನ ನೇರವಾಗಿ ಸಾಕ್ಷಿ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದ ಗಡಿಯಾರಗಳಲ್ಲಿ ಇದಕ್ಕಾಗಿ ರೇಡಿಯಂ ಬಳಸುತ್ತಿದ್ದರು. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಆದರೂ ಹಳೆಯ ರೇಡಿಯಂ ಡಯಲುಗಳು ಇಂದು ಮಂಕಾಗಿವೆ, ಏಕೆಂದರೆ ವಿಕಿರಣದ ಹೊಡೆತಕ್ಕೆ ಬೆಳಕು ಕೊಡುವ ಸತು ಸಲ್ಫೈಡೇ ಹಾಳಾಗಿದೆ. ಬೆಳಕು ಹೋದರೂ ವಿಕಿರಣ ಉಳಿದಿರುತ್ತದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಇಂಥ ಡಯಲುಗಳಿಗೆ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಳ್ಳುತ್ತಿದ್ದರು. ಅವರಲ್ಲಿ ಹಲವರು ರೇಡಿಯಂ ವಿಷಕ್ಕೆ ಬಲಿಯಾದರು. ಆದ್ದರಿಂದ ಅಷ್ಟು ಹಳೆಯ ಗಡಿಯಾರವನ್ನು ನೀವೇ ಬಿಚ್ಚಬೇಡಿ, ಡಯಲನ್ನು ಕೆರೆಯಲೇಬೇಡಿ.

ರೇಡಿಯಂ ನಂತರ ಟ್ರಿಟಿಯಂ ಬಂತು. ಸ್ವಿಸ್ ಡಯಲುಗಳ ತಳದಲ್ಲಿ 'ಸ್ವಿಸ್' ಎಂಬ ಪದದ ಅಕ್ಕಪಕ್ಕ ಕಾಣುವ 'ಟಿ' ಅಕ್ಷರ ಇದರ ಗುರುತು. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. ಈಗ ಲೆಕ್ಕ ಹಾಕಿ. ಸುಮಾರು 49 ವರ್ಷಗಳಲ್ಲಿ ನಾಲ್ಕು ಅರ್ಧಾಯುಷ್ಯಗಳು ಕಳೆಯುತ್ತವೆ. ಉಳಿಯುವುದು ಹದಿನಾರನೇ ಒಂದು ಭಾಗ. ಹೀಗಿರುವಾಗ 1970ರ ದಶಕದ್ದೆಂದು ಹೇಳುವ ಟ್ರಿಟಿಯಂ ಗಡಿಯಾರ ರಾತ್ರಿಯಿಡೀ ಪ್ರಖರವಾಗಿ ಹೊಳೆದರೆ ಅದಕ್ಕೆ ಹೊಸ ಬಣ್ಣ ಹಚ್ಚಿದ್ದಾರೆಂದೇ ಅರ್ಥ. ಬೆಳಕನ್ನು ಹೀರಿ ಗಂಟೆಗಟ್ಟಲೆ ಹೊಳೆಯುವ, ವಿಕಿರಣವಿಲ್ಲದ ಇಂದಿನ ಬಣ್ಣಗಳು ಗಡಿಯಾರಗಳಿಗೆ ಬಂದದ್ದು 1990ರ ದಶಕದಲ್ಲಿ. ಹಾಗೆಯೇ ಡಯಲಿನ ಮೇಲಿನ ಬಣ್ಣ ಕಂದಾಗಿ, ಮುಳ್ಳುಗಳ ಮೇಲಿನದು ಅಚ್ಚ ಬಿಳಿಯಾಗಿದ್ದರೆ, ಎರಡೂ ಒಟ್ಟಿಗೆ ವಯಸ್ಸಾದವಲ್ಲವೇನೋ ಎಂದು ಸಂಶಯಪಡಬೇಕು.

ಮೂರನೆಯದು ಒಳಗಿನ ಯಂತ್ರ. ಹಿಂಬದಿಯ ಮುಚ್ಚಳವನ್ನು ಗಡಿಯಾರ ರಿಪೇರಿಯವರ ಕೈಯಲ್ಲೇ ತೆಗೆಸಿ. ಡಯಲಿನ ಮೇಲೆ 17 ಜ್ಯುವೆಲ್ ಎಂದಿದ್ದರೆ ಯಂತ್ರದ ಮೇಲೂ ಸಾಮಾನ್ಯವಾಗಿ ಅದೇ ಸಂಖ್ಯೆ ಕೆತ್ತಿರುತ್ತದೆ. ಈ ಜ್ಯುವೆಲ್‌ಗಳು ಕೃತಕ ಮಾಣಿಕ್ಯದ ಚಿಕ್ಕ ಬೇರಿಂಗುಗಳು. ಘರ್ಷಣೆ ಕಡಿಮೆ ಮಾಡುವುದು ಅವುಗಳ ಕೆಲಸ. ಡಯಲು ಒಂದು ಸಂಖ್ಯೆ, ಯಂತ್ರ ಇನ್ನೊಂದು ಸಂಖ್ಯೆ ಹೇಳಿದರೆ, ಅಥವಾ ಡಯಲಿನಲ್ಲಿ 'ಆಟೊಮ್ಯಾಟಿಕ್' ಎಂದಿದ್ದು ಒಳಗೆ ಕೀ ಕೊಡುವ ಯಂತ್ರವಿದ್ದರೆ, ಎರಡರಲ್ಲೊಂದು ಹೊರಗಿನಿಂದ ಬಂದದ್ದು. ಸ್ಕ್ರೂಗಳ ತಲೆ ಹರಿದಿದ್ದರೆ ಒರಟು ಕೈಗಳು ಅಲ್ಲಿ ಕೆಲಸ ಮಾಡಿವೆ. ಒಳಗೆ ತುಕ್ಕು ಕಂಡರೆ ನೀರು ಹೊಕ್ಕಿದೆ.

ಇನ್ನು ಸ್ಥಿತಿ. ಜನತಾದಂಥ ಗಡಿಯಾರದ ಸಮತೋಲನ ಚಕ್ರ ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ ಐದು ಬಾರಿ ಅತ್ತಿತ್ತ ತೂಗುತ್ತದೆ. ಕಿವಿಗೆ ಹಿಡಿದರೆ ಸದ್ದು ಒಂದೇ ಲಯದಲ್ಲಿರಬೇಕು, ಕುಂಟಬಾರದು. ಪೂರ್ತಿ ಕೀ ಕೊಟ್ಟು, ಮೊಬೈಲಿನ ಗಂಟೆಗೆ ಸರಿಹೊಂದಿಸಿ, ಮರುದಿನ ಅದೇ ಹೊತ್ತಿಗೆ ನೋಡಿ. ಡಯಲು ಮೇಲಾಗಿ ಮಲಗಿಸಿ ಒಂದು ದಿನ, ನಿಲ್ಲಿಸಿ ಒಂದು ದಿನ ಪರೀಕ್ಷಿಸಿ ಬರೆದಿಟ್ಟುಕೊಳ್ಳಿ. ದಿನಕ್ಕೆ 30 ಸೆಕೆಂಡು ಹೆಚ್ಚುಕಡಿಮೆಯಾದರೆ ನಿರಾಶರಾಗಬೇಡಿ. ದಿನದಲ್ಲಿ 86,400 ಸೆಕೆಂಡುಗಳಿವೆ. ತಪ್ಪು ಶೇಕಡಾ 0.04ನ್ನೂ ಮುಟ್ಟಲಿಲ್ಲ. ಗಡಿಯಾರ ದಿನಕ್ಕೆ ಹಲವು ನಿಮಿಷ ಮುಂದೋಡುತ್ತಿದ್ದರೆ ಅದಕ್ಕೆ ಕಾಂತತ್ವ ತಗುಲಿರಬಹುದು. ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿದಾಗ ಚಕ್ರ ಬೇಗ ಬೇಗ ತೂಗುತ್ತದೆ. ಹತ್ತಿರ ಒಂದು ದಿಕ್ಸೂಚಿ ಇಟ್ಟು ಅದರ ಮುಳ್ಳು ಚಂಚಲವಾಗುತ್ತದೆಯೇ ನೋಡಿ. ಇದು ನಿಮಿಷಗಳಲ್ಲಿ ಸರಿಪಡಿಸಬಹುದಾದ ದೋಷ.

ಒಂದು ಎಚ್ಚರಿಕೆ ಹೇಳಬೇಕು. ಬದಲಾದ ಭಾಗಗಳೆಲ್ಲ ಮೋಸವಲ್ಲ. ಗಾಜು, ಬೆಲ್ಟು, ಮುಖ್ಯ ಸ್ಪ್ರಿಂಗು ಸವೆಯುವ ವಸ್ತುಗಳು, ಬದಲಾಯಿಸಲೇಬೇಕು. ಅದನ್ನು ಹೇಳಿ ಮಾರಿದರೆ ವ್ಯಾಪಾರ, ಮುಚ್ಚಿಟ್ಟು ಮಾರಿದರೆ ವಂಚನೆ. ಯಾವುದೋ ಒಂದು ಗುರುತನ್ನು ನೋಡಿ ತೀರ್ಪು ಕೊಡುವುದೂ ಸರಿಯಲ್ಲ. ಡಯಲು, ಮುಳ್ಳು, ಯಂತ್ರ, ಕವಚ ಇವು ಹೇಳುವ ಸಾಕ್ಷ್ಯಗಳು ಒಂದಕ್ಕೊಂದು ತಾಳೆಯಾಗಬೇಕು. ಪ್ರಯೋಗಶಾಲೆಯಲ್ಲಿ ನೀವು ಕಲಿಯುವ ಪಾಠವೂ ಇದೇ ತಾನೇ?

ಈ ತಿಳಿವಳಿಕೆ ಅಂಗಡಿಗಿಂತ ಹೆಚ್ಚಾಗಿ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಅಜ್ಜನ ಗಡಿಯಾರವನ್ನು ಹೊಸದು ಮಾಡಿಸೋಣವೆಂದು ಪ್ರೀತಿಯಿಂದಲೇ ಅಂಗಡಿಗೆ ಕೊಡುತ್ತೇವೆ. ಡಯಲಿಗೆ ಮರುಬಣ್ಣ ಬೀಳುತ್ತದೆ, ಪಾಲಿಶ್ ಯಂತ್ರಕ್ಕೆ ಕವಚದ ಅಂಚುಗಳು ದುಂಡಾಗುತ್ತವೆ, ಹಿಂಬದಿಯಲ್ಲಿ ಕೆತ್ತಿಸಿದ್ದ ಹೆಸರು, ತಾರೀಖು ಸವೆದುಹೋಗುತ್ತವೆ. ನಕಲಿ ಮಾಲು ತಯಾರಿಸುವವನು ಮಾಡುವ ಕೆಲಸವನ್ನೇ ನಾವು ಹಣ ಕೊಟ್ಟು ಮಾಡಿಸಿದಂತಾಗುತ್ತದೆ. ಹಾಗೆ ಹೋದದ್ದನ್ನು ಯಾವ ಕುಶಲಕರ್ಮಿಯೂ ಹಿಂದಕ್ಕೆ ತರಲಾರ.

ಆದ್ದರಿಂದ ರಿಪೇರಿಯವರಿಗೆ ಹೀಗೆ ಹೇಳಿ: "ಯಂತ್ರ ತೊಳೆದು ಎಣ್ಣೆ ಹಾಕಿಕೊಡಿ. ಡಯಲನ್ನು ಮುಟ್ಟಬೇಡಿ. ಪಾಲಿಶ್ ಬೇಡ. ಬದಲಾಯಿಸಿದ ಭಾಗಗಳನ್ನು ವಾಪಸು ಕೊಡಿ." ಆ ಭಾಗಗಳನ್ನು ಒಂದು ಚಿಕ್ಕ ಲಕೋಟೆಯಲ್ಲಿ ಹಾಕಿ, ಯಾವಾಗ ಏನು ಬದಲಾಯಿತೆಂದು ಬರೆದಿಡಿ. ಗಡಿಯಾರ ಯಾರದು, ಯಾವ ವರ್ಷ ಹೇಗೆ ಬಂತೆಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ, ಅದನ್ನೂ ಅದೇ ಲಕೋಟೆಗೆ ಸೇರಿಸಿ. ಮುಂದೊಂದು ದಿನ ಆ ಗಡಿಯಾರ ಅಸಲಿಯೇ ಎಂದು ಯಾರಾದರೂ ಕೇಳಿದರೆ ಆ ಲಕೋಟೆಯೇ ಉತ್ತರ ಕೊಡುತ್ತದೆ.